ಶುಕ್ರವಾರ ಮಾತ್ರ ಓಡುತ್ತಿದ್ದ ಇಂಟರ್‌ನೆಟ್

ಅವರ ಮುಂದಿನ ಎರಡು ಹಲ್ಲುಗಳ ನಡುವೆ ಒಂದು ಸಂದಿಯಿತ್ತು. ಇಂಟರ್‌ನೆಟ್ ವೈರಿನ ಒಳಗಿರುವ ಸಣ್ಣ ತಂತಿ ಸರಿಯಾಗಿ ಕೂರುವಷ್ಟು ಅಗಲದ್ದು. ತಂತಿಯನ್ನು ಅಲ್ಲಿ ಸಿಕ್ಕಿಸಿ, ಕಣ್ಣು ಮುಚ್ಚಿ, ತಲೆಯನ್ನು ಒಮ್ಮೆ ಪಕ್ಕಕ್ಕೆ ಎಳೆದರೆ ಮುಗಿಯಿತು: ಪ್ಲಾಸ್ಟಿಕ್ ಸಿಪ್ಪೆ ಬಾಯಲ್ಲಿ, ಹೊಳೆಯುವ ತಾಮ್ರ ಕೈಯಲ್ಲಿ. ಸಿಪ್ಪೆಯನ್ನು ಯಾರ ಮನೆಯಲ್ಲೂ ಉಗಿಯುತ್ತಿರಲಿಲ್ಲ. ತೆಗೆದು ಅಂಗಿಯ ಕಿಸೆಗೆ ಹಾಕಿಕೊಳ್ಳುತ್ತಿದ್ದರು. ಸಂಜೆಯ ಹೊತ್ತಿಗೆ ಆ ಕಿಸೆಯಲ್ಲಿ ನೀಲಿ, ಹಸಿರು, ಕಿತ್ತಳೆ ಚೂರುಗಳು ತುಂಬಿ, ಹೋಳಿ ಆಡಿ ಬಂದವರ ಹಾಗೆ ಕಾಣುತ್ತಿದ್ದರು.

ಮುಂಬಯಿ ಬಳಿಯ ಡೊಂಬಿವಲಿಯ ನಮ್ಮ ಬಿಲ್ಡಿಂಗಿಗೆ ಇಂಟರ್‌ನೆಟ್ ಕೊಡುತ್ತಿದ್ದ ಕೇಬಲಿನವರಲ್ಲಿ ಅವರು ರಿಪೇರಿ ಕೆಲಸಕ್ಕಿದ್ದರು. ನಮ್ಮ ಮನೆಯಲ್ಲಿ ಅವರಿಗೆ ನೆಟ್ಟಣ್ಣ ಎಂದೇ ಹೆಸರು. ವಿಜಯಪುರದ ಕಡೆಯವರು. ಪಕ್ಕದ ಕಲ್ಯಾಣದಲ್ಲಿ ರಸ್ತೆ ಅಗೆಯುವ ಕೂಲಿಗೆಂದು ಬಂದು, ಕೇಬಲಿಗೆ ಅಗೆದ ಗುಂಡಿಯಲ್ಲಿ ನಿಂತೇ ಕೇಬಲಿನ ಕೆಲಸ ಕಲಿತವರು. "ನೆಲದಾಗಿಂದ ಸೀದಾ ಟೆರೇಸಿಗೆ ಪ್ರಮೋಸನ್ ಆಗೇತ್ರಿ ನಂದು," ಎನ್ನುತ್ತಿದ್ದರು. ಆ ಸಂದಿಯ ದೆಸೆಯಿಂದ ಅವರ ಪ್ರತಿಯೊಂದು 'ಸ'ಕಾರದ ಹಿಂದೆಯೂ ಒಂದು ಪುಟ್ಟ ಸೀಟಿ ಬರುತ್ತಿತ್ತು.

ನಾನಾಗ ಕಾಲೇಜಿನ ಮೊದಲ ವರ್ಷದಲ್ಲಿದ್ದೆ. ಓದಿನಲ್ಲಿ ಸಾಧಾರಣ, ಮಿಮಿಕ್ರಿಯಲ್ಲಿ ಅಸಾಧಾರಣ ಎಂದು ನನಗೆ ನಾನೇ ಸರ್ಟಿಫಿಕೇಟು ಕೊಟ್ಟುಕೊಂಡಿದ್ದೆ. ಬಿಲ್ಡಿಂಗ್ ಸೊಸೈಟಿಯ ಸೆಕ್ರೆಟರಿ ಮೀಟಿಂಗಿಗೆ ಮುಂಚೆ ಮರಾಠಿಯಲ್ಲಿ ಕೆಮ್ಮುವುದು, ಉಡುಪಿಯ ದೊಡ್ಡಮ್ಮನಿಗೆ "ಇಡ್ತೇನೆ, ಇಡ್ತೇನೆ" ಎನ್ನುತ್ತಲೇ ಅಮ್ಮ ಅರ್ಧ ಗಂಟೆ ಫೋನ್ ಇಡದಿರುವುದು, ಮಾರ್ಕ್ಸ್ ಕಾರ್ಡ್ ಕೇಳಿದೊಡನೆ ನನ್ನದೇ ದನಿ ಇಲಿಯದಾಗುವುದು, ಎಲ್ಲವನ್ನೂ ಮಾಡುತ್ತಿದ್ದೆ. ಆ ಸೀಟಿ ಮಾತ್ರ ಬರಲಿಲ್ಲ. ಒಂದು ದಿನ ಅಭ್ಯಾಸ ಮಾಡುವಾಗಲೇ ಅವರ ಕೈಗೆ ಸಿಕ್ಕಿಬಿದ್ದೆ.

"ಇನ್ನೊಮ್ಮೆ ಮಾಡ ತಮ್ಮಾ, ನೋಡೋಣು," ಎಂದರು. ಮಾಡಿದೆ. ಪರೀಕ್ಷಕರಂತೆ ತಲೆ ಓರೆ ಮಾಡಿ ಕೇಳಿ, "ಬರೇ ಗಾಳಿ ಬರಾಕತ್ತೈತಿ. ಮೊದ್ಲ ಹೋಗಿ ಎರಡ ಹಲ್ಲ ಸರಿಸ್ಕೊಂಡ ಬಾ," ಎಂದು ಫೇಲು ಮಾಡಿದರು.

ಆ ವರ್ಷವೇ ನಮ್ಮ ಇಂಟರ್‌ನೆಟ್ ಕೈಕೊಟ್ಟಿತು. ಪೂರ್ತಿ ನಿಂತಿದ್ದರೆ ಬೈಯಲಾದರೂ ಸುಲಭವಿತ್ತು. ಇದು ಬೆಳಿಗ್ಗೆ ಓಡಿ, ಹತ್ತರ ಹೊತ್ತಿಗೆ ಕುಂಟಿ, ಮಧ್ಯಾಹ್ನ ಮೂರಕ್ಕೆ ತಾನೇ ತಾನಾಗಿ ಎದ್ದು ಓಡುತ್ತಿತ್ತು. ನನಗೆ ತಮಾಷೆ; ಅಕ್ಕನಿಗಲ್ಲ. ಲೋಕಲ್ ಗಾಡಿಯ ನೂಕಾಟದಲ್ಲಿ ಬಿದ್ದು ಕಾಲು ಮುರಿದುಕೊಂಡ ಮೇಲೆ ಅವಳಿಗೆ ಉಳಿದಿದ್ದದ್ದು ಮನೆಯಲ್ಲೇ ಕೂತು ಮಾಡುವ ಒಂದು ಕೆಲಸ. ವಿದೇಶದ ಡಾಕ್ಟರುಗಳು ರೋಗಿಗಳ ಬಗ್ಗೆ ಮಾತಾಡಿಟ್ಟ ಧ್ವನಿಯನ್ನು ನೆಟ್‌ನಿಂದ ಇಳಿಸಿಕೊಂಡು, ಕೇಳಿ ಟೈಪು ಮಾಡಿ, ಮಧ್ಯಾಹ್ನ ಎರಡರೊಳಗೆ ನವಿ ಮುಂಬಯಿಯ ಆಫೀಸಿಗೆ ಕಳಿಸಬೇಕು. ದಿನಾ ತಡವಾಗತೊಡಗಿತು. ಇನ್ನೊಂದು ವಾರ ನೋಡುತ್ತೇವೆ, ಆಮೇಲೆ ಕೆಲಸ ಬೇರೆಯವರಿಗೆ ಎಂದು ಆಫೀಸಿನವರು ಹೇಳಿಬಿಟ್ಟರು. ಅಕ್ಕ ಊಟ ಬಿಟ್ಟು, ಪರದೆಯ ಮೇಲೆ ಹಸಿರು ಪಟ್ಟಿ ತೆವಳುವುದನ್ನೇ ನೋಡುತ್ತ ಕೂರುತ್ತಿದ್ದಳು.

ನೆಟ್ಟಣ್ಣ ಸಂಜೆ ಬಂದರು. ಅವರ ಬೆಳಗೆಲ್ಲ ಟೆರೇಸುಗಳ ಪಾಲು. ಸಂಜೆ ನಮ್ಮ ನೆಟ್ ಏನೂ ಅರಿಯದ ಮಗುವಿನಂತೆ ಚೆನ್ನಾಗಿ ಓಡುತ್ತಿತ್ತು. ಬೇರೆಯವರಾಗಿದ್ದರೆ "ಸರಿಯಾಗೇ ಇದೆಯಲ್ಲ" ಎಂದು ಸಹಿ ಹಾಕಿಸಿಕೊಂಡು ಹೋಗಿಬಿಡುತ್ತಿದ್ದರು. ಇವರು ನೆಲದ ಮೇಲೆ ಚಕ್ಕಳಮಕ್ಕಳ ಹಾಕಿ ಕೂತರು. ವೈರಿಗೂ ಕಂಪ್ಯೂಟರಿಗೂ ನಡುವಿನ ರೌಟರ್ ಡಬ್ಬಿಯನ್ನು ಬಿಚ್ಚಿಟ್ಟು, ವೈರನ್ನು ನೇರ ಕಂಪ್ಯೂಟರಿಗೆ ಚುಚ್ಚಿ, ಇದು ನಾಳೆಯವರೆಗೆ ಹೀಗೇ ಇರಲಿ ಎಂದರು. ಸಹಾಯ ಮಾಡುವ ಹುರುಪಿನಲ್ಲಿ ನಾನು ವೈರನ್ನೂ ಬದಲಿಸಲು ಹೋದೆ. ಕೈಯ ಮೇಲೆ ಟಪ್ಪೆಂದು ಒಂದು ಬಿತ್ತು.

"ಒಂದ ಸಲಕ್ಕ ಒಂದ! ಎರಡೂ ಬದಲ ಮಾಡಿದ್ರ ಕಳ್ಳ ಯಾಂವ ಅಂತ ಹೆಂಗ ಗೊತ್ತಾಗಬೇಕು?"

ಡಬ್ಬಿ ಕಳ್ಳನಲ್ಲ ಎಂದು ಮರುದಿನ ಗೊತ್ತಾಯಿತು. ಕಂಪ್ಯೂಟರಿಗೆ ಚುಚ್ಚುವ ಚಿಕ್ಕ ವೈರೂ ಅಲ್ಲ ಎಂದು ಅದರ ಮರುದಿನ. ನಾಲ್ಕನೆಯ ದಿನ ಅವರು ಬೆಳಿಗ್ಗೆಯೇ ಟೆರೇಸಿಗೆ ಹೋಗಿ, ಅಲ್ಲಿನ ಪೆಟ್ಟಿಗೆಗೆ ತಮ್ಮ ಹಳೆಯ ಲ್ಯಾಪ್‌ಟಾಪ್ ಜೋಡಿಸಿ ನೋಡಿ, ಹನ್ನೊಂದರ ಹೊತ್ತಿಗೆ ಕೆಳಗಿಳಿದು ಬಂದರು.

"ಮ್ಯಾಲೆ ಪೂರಾ ಸ್ಪೀಡ್ ಐತ್ರಿ. ಟೆರೇಸಿಗೂ ನಿಮ್ಮ ಮನಿಗೂ ನಡುವ ಏನೋ ಆಗೇತಿ," ಎಂದು ನೀರು ಕುಡಿದು, ಯಾರೂ ಕೇಳದ ಒಂದು ಪ್ರಶ್ನೆ ಕೇಳಿದರು. "ಅಕ್ಕಾರ, ಯಾವ್ದಾರ ಒಂದ ದಿನ ಚಲೋ ಓಡೇತೇನ್ರಿ ಇದು?"

ಅಕ್ಕ ಕೆಲಸದ ಪುಸ್ತಕ ತಿರುವಿದಳು. "ಶುಕ್ರವಾರ. ಹೋದ ಶುಕ್ರವಾರವೂ ಟೈಮಿಗೆ ಹೋಗಿದೆ, ಅದರ ಹಿಂದಿನದ್ದೂ ಹೋಗಿದೆ."

"ಶುಕ್ರವಾರ ನಿಮ್ಮ ಮನ್ಯಾಗ ಏನ ಇರಂಗಿಲ್ರಿ?"

"ಎಂತ ಇರುದಿಲ್ಲ ಅಂದ್ರೆ?" ಅಡುಗೆಮನೆಯಿಂದ ಅಮ್ಮ ಕೂಗಿದಳು. "ನೀರು ಇರುದಿಲ್ಲ ಮಾರಾಯ್ರೇ! ಶುಕ್ರವಾರ ಇಡೀ ದಿನ ನೀರು ಬಂದ್ ಅಲ್ವಾ ನಮ್ಮ ಕಡೆ?"

ನಾನು ಬಿದ್ದು ಬಿದ್ದು ನಕ್ಕೆ. "ಹಾಗಾದ್ರೆ ನೆಟ್ ನಲ್ಲಿಯಲ್ಲಿ ಬರ್ತದಾ?"

ನೆಟ್ಟಣ್ಣ ನಗಲಿಲ್ಲ. ಹಲ್ಲಿನ ಸಂದಿಗೆ ನಾಲಿಗೆಯ ತುದಿ ಒತ್ತಿ ಯೋಚಿಸಿದರು. "ನೀರ ಇಲ್ಲಂದ್ರ ನೀವು ಏನ ಮಾಡಂಗಿಲ್ರಿ ಅವ್ವಾರ?"

"ಬಟ್ಟೆ ಒಗೆಯುದಿಲ್ಲ. ಮತ್ತೆಂತ?"

ನಾನು ಬಾಲ್ಕನಿಯ ಕಡೆ ನೋಡಿದೆ.

ಬಾಲ್ಕನಿಯ ಬಟ್ಟೆ ಒಣಹಾಕುವ ಹಗ್ಗ ತಿಂಗಳ ಹಿಂದೆ ತುಂಡಾಗಿತ್ತು. ಅಮ್ಮನಿಗೆ ಭುಜನೋವು, ಕೈ ಮೇಲೆತ್ತಲಾಗದು. ಒಣಹಾಕುವ ಕೆಲಸ ನನ್ನದು. ಹೊಸ ಹಗ್ಗ ತಂದು ಕಟ್ಟು ಎಂದಿದ್ದಳು. ಟೆರೇಸಿನಿಂದ ಇಳಿದು, ಬಾಲ್ಕನಿಯ ಉದ್ದಕ್ಕೂ ಹಾದು, ಕಿಟಕಿಯೊಳಗೆ ಬರುವ ಒಂದು ಕರಿಯ ವೈರು ಹೇಗೂ ಇತ್ತಲ್ಲ. ಕಟ್ಟಿದೆ ಎಂದು ಹೇಳಿಬಿಟ್ಟಿದ್ದೆ.

ನೆಟ್ಟಣ್ಣ ಎದ್ದು ಬಾಲ್ಕನಿಗೆ ಹೋದರು. ನಾನು ಹಿಂದೆಯೇ ಹೋದೆ. ಅಲ್ಲಿ ಅಕ್ಕನ ಉದ್ಯೋಗದ ಮೇಲೆ ನನ್ನ ಎರಡು ಜೀನ್ಸು, ಒಂದು ಚಾದರ, ಮೂರು ಟವೆಲು ನೀರು ತೊಟ್ಟಿಕ್ಕಿಸುತ್ತ ನೇತಾಡುತ್ತಿದ್ದವು. ಭಾರಕ್ಕೆ ವೈರು ಜೋತುಬಿದ್ದು, ಕಿಟಕಿಯ ಪಕ್ಕದ ಜಾಯಿಂಟು ಬಾಯಿ ಬಿಟ್ಟಿತ್ತು. ಬಟ್ಟೆ ಒಣಗಿ ಹಗುರಾದ ಮೇಲೆ ಅದು ಮತ್ತೆ ಕೂಡಿಕೊಳ್ಳುತ್ತಿತ್ತು.

ಅವರು ನನ್ನ ಮುಖ ನೋಡಿದರು. ನಾನು ಬಟ್ಟೆ ನೋಡಿದೆ. ಈಗ ಕೂಗುತ್ತಾರೆ, ಈಗ ಅಕ್ಕನಿಗೆ ಕೇಳಿಸುತ್ತದೆ ಎಂದು ಕಾದೆ. ಅವರು ಮೆಲ್ಲಗೆ, "ಒಂದ ಸಲಕ್ಕ ಒಂದ," ಎಂದರು.

ಒಂದು ಜೀನ್ಸು ತೆಗೆದೆ. "ಸ್ವಲ್ಪ ಓಡಿತು ಅಣ್ಣ!" ಎಂದು ಒಳಗಿನಿಂದ ಅಕ್ಕ ಕೂಗಿದಳು. ಇನ್ನೊಂದು ತೆಗೆದೆ. "ಜೋರಾಯ್ತು! ಎಂತ ಮಾಡಿದ್ರಿ?" ಚಾದರ ಇಳಿಸಿದಾಗ ಚಪ್ಪಾಳೆಯೇ ಕೇಳಿಸಿತು. "ಹೋಯ್ತು! ಫೈಲು ಹೋಯ್ತು!" ಕಳ್ಳ ಸಿಕ್ಕಿದ್ದ, ಹೆಗಲ ಮೇಲೆ ಒದ್ದೆ ಚಾದರ ಹೊದ್ದು ನಿಂತಿದ್ದ.

"ಎಂತ ಆಗಿತ್ತು?" ಅಮ್ಮ ಒಳಗಿನಿಂದಲೇ ಕೇಳಿದಳು.

"ಜಾಯಿಂಟ್ ಸಡ್ಲಾಗಿತ್ರಿ ಅವ್ವಾರ. ನಂದ ತಪ್ಪು, ಮೊದ್ಲ ನೋಡಬೇಕಾಗಿತ್ತು."

ಹಲ್ಲಿನಿಂದಲೇ ತಂತಿ ಸುಲಿದು ಹೊಸ ಜಾಯಿಂಟು ಹಾಕಿದರು. ಸಿಪ್ಪೆಗಳು ಕಿಸೆಗೆ ಹೋದವು. ಆಮೇಲೆ ಚೀಲದಿಂದ, ಕೇಬಲನ್ನು ಮಹಡಿಗೆ ಎಳೆಯಲು ಇಟ್ಟುಕೊಂಡಿದ್ದ ದಪ್ಪ ನೈಲಾನ್ ಹಗ್ಗದ ತುಂಡು ತೆಗೆದು, ಗ್ರಿಲ್ಲಿನ ಎರಡೂ ಕಡೆ ಬಿಗಿದು ಕಟ್ಟಿದರು. ನನ್ನ ಕಿವಿಯ ಹತ್ತಿರ ಬಗ್ಗಿ ಹೇಳಿದರು: "ಇದರ ಮ್ಯಾಲೆ ಆನಿ ಒಣಗ್ಸು. ಅದರಾಗ ನಿಮ್ಮಕ್ಕನ ಸಂಬಳ ಬರತೈತಿ." ಎರಡು ಸೀಟಿ.

ಅಕ್ಕನ ಕೆಲಸ ಉಳಿಯಿತು. ಈಗ ಅವಳು ಅದೇ ಕೆಲಸವನ್ನು ಬೇರೆಯವರಿಗೆ ಕಲಿಸುತ್ತಾಳೆ. ಈ ಮಳೆಗಾಲದಲ್ಲಿ ಕಂಪ್ಲೇಂಟ್ ಕೊಡಲು ಫೋನ್ ಮಾಡಿದಾಗ ಕೇಬಲ್ ಆಫೀಸಿನ ಹೆಂಗಸು, ನೆಟ್ಟಣ್ಣ ಕಾಮಾಲೆಯಿಂದ ಊರಿನಲ್ಲಿ ತೀರಿಕೊಂಡರೆಂದು ಹೇಳಿದಳು. ಅಂದು ಸಂಜೆ ಅಕ್ಕ, "ಒಮ್ಮೆ ಅವರ ಹಾಗೆ ಮಾಡು ನೋಡುವ," ಎಂದಳು.

ಮಾಡಿದೆ. ಚಕ್ಕಳಮಕ್ಕಳ, ಮುಚ್ಚಿದ ಕಣ್ಣು, ಕಿಸೆಗೆ ಹೋಗುವ ಸಿಪ್ಪೆ, ಕೈಯ ಮೇಲೆ ಬಿದ್ದ ಏಟು. ಅಕ್ಕ ಕಣ್ಣೊರೆಸಿಕೊಳ್ಳುತ್ತ ನಕ್ಕಳು. ನಾನು ಎದ್ದು ಬಾಲ್ಕನಿಯ ಬಾಗಿಲಿಗೆ ಬಂದು, ತಿರುಗಿ, ಅವರು ನನ್ನ ಮುಖ ನೋಡಿದ ಆ ಜಾಗದಲ್ಲಿ ನಿಂತೆ. ಅಲ್ಲಿಂದ ಮುಂದೆ ನನಗೆ ಬರಲಿಲ್ಲ.

"ಎಂತ, ಯಾಕೆ ನಿಲ್ಲಿಸಿದೆ?"

ಎಲ್ಲ ಹೇಳಿದೆ: ತುಂಡಾದ ಹಗ್ಗ, ನನ್ನ ಸುಳ್ಳು, ಜೀನ್ಸು, ಚಾದರ.

ಅಕ್ಕ ಗೋಡೆ ಹಿಡಿದು ನಿಧಾನವಾಗಿ ಎದ್ದು, ಕಾಲು ಎಳೆದು ಹಾಕುತ್ತ ನನ್ನನ್ನು ದಾಟಿ ಬಾಲ್ಕನಿಗೆ ಹೋದಳು. ಎರಡೂ ಕೈಯಲ್ಲಿ ಆ ನೈಲಾನ್ ಹಗ್ಗ ಹಿಡಿದು, ಮೈಭಾರವನ್ನೆಲ್ಲ ಬಿಟ್ಟು ಎಳೆದಳು.

"ಗಟ್ಟಿ ಉಂಟು," ಎಂದಳು.