ದವಡೆಗೆ ಬಿಗಿದ ತಂತಿ

ಮೇಲಿನ ಹಲ್ಲಿಗೆ ಕೆಳಗಿನ ಹಲ್ಲು ಕೂಡುತ್ತಿಲ್ಲ. ಮೊದಲು ಗೊತ್ತಾದದ್ದು ಅಷ್ಟೇ. ನೋವು ಇನ್ನೂ ಬಂದಿರಲಿಲ್ಲ. ಪೊಲೀಸ್ ಜೀಪಿನಲ್ಲಿ ಕೂತು ಬಾಯಿ ಮುಚ್ಚಲು ನೋಡುತ್ತಿದ್ದೆ. ದವಡೆ ಓರೆಯಾಗಿ ಜೋತು ನಿಲ್ಲುತ್ತಿತ್ತು.

ಬಾಗಲಕೋಟೆಯ ಆಸ್ಪತ್ರೆಯಲ್ಲಿ ಸಿ.ಟಿ. ಸ್ಕ್ಯಾನ್ ಆಯಿತು.

"ದವಡಿ ಎರಡು ಕಡೆ ಫ್ರ್ಯಾಕ್ಚರ್ ಆಗೈತಿ," ಎಂದರು ಡಾಕ್ಟರು. "ಪ್ಲೇಟ್ ಹಾಕಿ, ಮ್ಯಾಲಿನ ಹಲ್ಲು ಕೆಳಗಿನ ಹಲ್ಲು ಕೂಡಿಸಿ ವೈರಿಂಗ್ ಮಾಡ್ತೀವಿ. ಕೆಲವು ವಾರ ಬಾಯಿ ತೆರೆಯೂ ಹಂಗಿಲ್ಲ. ಏನ್ ಕೆಲಸ ಮಾಡ್ತಾರ ಇವರು?"

ನನ್ನ ಹೆಂಡತಿ ಲಲಿತಾ ಹೇಳಿದಳು: "ಹೈಸ್ಕೂಲಿನಾಗ ಕನ್ನಡ ಮಾಸ್ತರ್ ಅದಾರ್ರಿ."

ಡಾಕ್ಟರು ಸ್ಕ್ಯಾನಿನ ಹಾಳೆಯನ್ನು ಮತ್ತೊಮ್ಮೆ ಬೆಳಕಿಗೆ ಹಿಡಿದರು.

ನಾವು ಸಿದ್ದಿಗಳು. ನೂರಾರು ವರ್ಷಗಳ ಹಿಂದೆ ಆಫ್ರಿಕಾದಿಂದ ಗುಲಾಮರಾಗಿ ಬಂದವರ ಸಂತಾನ. ನಾನು ಹುಟ್ಟಿದ್ದು ಹಳಿಯಾಳದ ಕಡೆ, ಓದಿದ್ದು ಧಾರವಾಡದಲ್ಲಿ. ನಮ್ಮ ಕೇರಿಯಲ್ಲಿ ಎಂ.ಎ. ಮಾಡಿದ ಮೊದಲಿಗ ನಾನೇ. ಬನಹಟ್ಟಿಗೆ ಬಂದ ಮೇಲೆ, ಪಕ್ಕದ ಗಲ್ಲಿಯ ಮಗ್ಗಗಳ ಸದ್ದಿಗಿಂತ ಮೇಲೆ ದನಿಯೇರಿಸಿ ಹಳಗನ್ನಡ ಓದುವುದು ರೂಢಿಯಾಯಿತು. ಕೊನೆಯ ಬೆಂಚಿನವರೂ ಕಿವಿಗೊಟ್ಟು ಕೇಳುತ್ತಿದ್ದರು. ಇದನ್ನು ನಾನು ಸಂಕೋಚವಿಲ್ಲದೆ ಹೇಳುತ್ತೇನೆ.

ಆ ವಾರ ಎಲ್ಲರ ಫೋನಿನಲ್ಲೂ ಮಕ್ಕಳ ಕಳ್ಳರ ಸುದ್ದಿ ಓಡಾಡುತ್ತಿತ್ತು. ಏಳನೆಯ ತರಗತಿ ಮುಗಿಸಿ ಮನೆಯಲ್ಲೇ ಉಳಿದ ಮಕ್ಕಳನ್ನು ಹೈಸ್ಕೂಲಿಗೆ ಸೇರಿಸಬೇಕೆಂದು ನಾನು ಬೈಕಿನಲ್ಲಿ ಹತ್ತಿರದ ಹಳ್ಳಿಗೆ ಹೋಗಿದ್ದೆ. ಕಬ್ಬಿನ ಹೊಲದ ಬದಿಯಲ್ಲಿ ಒಬ್ಬ ಹುಡುಗಿ ಸಿಕ್ಕಳು. "ಸಾಲಿಗೆ ಯಾಕ ಬರವಲ್ಲಿ ತಂಗಿ?" ಎಂದು ಕೇಳಿದೆ. ಅವಳು ನನ್ನ ಮುಖ ನೋಡಿ ಅಳುತ್ತ ಓಡಿಹೋದಳು. ಅವಳ ಅಪ್ಪ ನಿಂಗಪ್ಪ, ಅವನ ಹಿಂದೆ ಊರಿನ ಹತ್ತಾರು ಜನ ಬಂದರು.

"ನಾ ಬನಹಟ್ಟಿ ಸಾಲಿ ಮಾಸ್ತರ್ ಅದೀನ್ರಿ!" ಎಂದು ಕೂಗಿದೆ.

"ಕನ್ನಡಾನೂ ಕಲ್ತು ಬಂದಾನ ನೋಡ್ರಲೇ ಈ ಕರಿಯ!" ಎಂದು ಗುಂಪಿನಲ್ಲಿ ಯಾರೋ ಕಿರುಚಿದರು.

ಆಮೇಲೆ ಕಬ್ಬಿಣದ ಸಲಾಕೆ ಬಿತ್ತು.

ತಂತಿ ಬಿಗಿದ ಬಾಯಿಗೆ ಲೋಕವೆಲ್ಲ ದ್ರವವಾಯಿತು. ಲಲಿತಾ ಜೋಳದ ಅಂಬಲಿಯನ್ನು ಬಟ್ಟೆಯಲ್ಲಿ ಸೋಸಿ, ಸಿರಿಂಜಿನಲ್ಲಿ ತುಂಬಿ, ಗಲ್ಲದ ಬದಿಯಿಂದ ಹನಿಹನಿಯಾಗಿ ಬಿಡುತ್ತಿದ್ದಳು. ವಾಂತಿ ಬಂದರೆ ಉಸಿರು ಕಟ್ಟಬಾರದೆಂದು ತಂತಿ ಕತ್ತರಿಸುವ ಇಕ್ಕಳವೊಂದು ಸದಾ ಅವಳ ಸೊಂಟದಲ್ಲಿರುತ್ತಿತ್ತು. ಅದನ್ನು ಬಳಸುವುದು ಹೇಗೆಂದು ನರ್ಸ್ ಒಮ್ಮೆ ತೋರಿಸಿದ್ದಷ್ಟೇ. ಅವಳಿಗೆ ಅಷ್ಟೇ ಸಾಕಾಯಿತು. ಹೊರಗೆ ಬೈಕ್ ನಿಂತ ಸದ್ದು ಕೇಳಿದರೂ ನಾನು ಎದ್ದು ಬಾಗಿಲ ಚಿಲಕ ನೋಡಿ ಬರುತ್ತಿದ್ದೆ.

ಬಂಧಿತರಾಗಿದ್ದ ನಿಂಗಪ್ಪನಿಗೂ ಇನ್ನಿಬ್ಬರಿಗೂ ಜಾಮೀನು ಸಿಕ್ಕಿತು. ಅದರ ಬೆನ್ನಿಗೇ ಆ ಊರಿನ ಹಿರಿಯರು ಮನೆಗೆ ಬಂದರು.

"ಆಗಿದ್ದು ಆಗಿ ಹೋತ್ರಿ ಸರ್. ಗೊತ್ತಿಲ್ದ ಮಾಡ್ಯಾರ. ರಾಜಿ ಆಗೂನು, ಕೇಸ್ ಹಿಂದ ತಗೋರಿ."

ನಾನು ಸ್ಲೇಟು ಎತ್ತಿಕೊಂಡೆ. ಬರೆಯುವ ಮೊದಲೇ ಲಲಿತಾ ಎದ್ದು ನಿಂತಳು. "ಅವರ ಬಾಯಿ ಕಟ್ಟ್ಯಾರ್ರಿ, ನಂದು ಕಟ್ಟಿಲ್ಲ. ಗೊತ್ತಿಲ್ದ ಮಾಡಿದ್ರ, ಗೊತ್ತಾದ ಮ್ಯಾಲ ಹೊಡದವ್ರು ಯಾಕ ಬರ್ಲಿಲ್ಲ? ನಿಮ್ಮನ್ಯಾಕ ಕಳಿಸಿದ್ರು?"

ಅವರು ಎದ್ದು ಹೋದರು. ನನ್ನ ಹೆಂಡತಿಯ ಬಗ್ಗೆ ನನಗಿರುವ ಹೆಮ್ಮೆ ಆ ದಿನ ಬೆಳೆಯಿತೆಂದರೆ ಸುಳ್ಳಾದೀತು. ಅದು ಮೊದಲೇ ಅಷ್ಟಿತ್ತು. ಆ ದಿನ ಊರಿಗೂ ಕಂಡಿತು.

ತಂತಿ ಬಿಚ್ಚಿದರು. ಬಾಯಿ ಒಂದು ಬೆರಳಿನಷ್ಟು ತೆರೆಯಿತು. ಕೆಳತುಟಿಯ ಬಲಭಾಗಕ್ಕೆ ಸ್ಪರ್ಶವಿರಲಿಲ್ಲ. ನರಕ್ಕೆ ಪೆಟ್ಟಾಗಿದೆ, ಸರಿಹೋಗಲೂಬಹುದು, ಹೋಗದೆಯೂ ಇರಬಹುದು ಎಂದರು ಡಾಕ್ಟರು. ಪ, ಬ, ಮ ಮೂರೂ ಒಂದೇ ಥರ ಕೇಳುತ್ತಿದ್ದವು. ಮೂವತ್ತೆಂಟರ ಕನ್ನಡ ಮಾಸ್ತರನಾದ ನಾನು ಕನ್ನಡಿಯ ಮುಂದೆ ನಿಂತು ಅಂಗನವಾಡಿಯ ಕೂಸಿನಂತೆ ಅಕ್ಷರ ತಿದ್ದಿದೆ. ಸಿಟ್ಟು ಬಂದ ದಿನ ಇನ್ನೂ ಜೋರಾಗಿ ತಿದ್ದಿದೆ. ಕ್ಲಾಸಿಗೆ ಮರಳಿದ ದಿನ ಪದ್ಯ ಅಲ್ಲಲ್ಲಿ ತೊದಲಿತು. ಯಾರೂ ನಗಲಿಲ್ಲ. ನಾನೂ ನಿಲ್ಲಿಸಲಿಲ್ಲ.

ಅದಾದ ಮೇಲೆ ಒಂದು ಭಾನುವಾರ ನಿಂಗಪ್ಪ ಬಂದ. ಒಬ್ಬನೇ. ಬಾಗಿಲಲ್ಲೇ ನಿಂತ.

"ನಿಮ್ಮ ಮಾರಿ ನೋಡಿ ಹೆದರಿದ್ನಿರಿ ಸರ್. ಮಗಳು ಅಳಕೋತ ಬಂದ್ಲು. ಹಿಂದ ಮುಂದ ನೋಡ್ಲಿಲ್ಲ."

"ಈಗ ನೋಡ್ರಿ," ಎಂದೆ. "ಛಲೋತ್ನಂಗ ನೋಡ್ರಿ."

ನೋಡಿದ. ಬೇಗನೆ ಕಣ್ಣು ತಗ್ಗಿಸಿದ.

"ನಾ ಏನ್ ಮಾಡ್ಲಿರಿ?"

"ಕೇಸ್ ಹಿಂದ ತಗೋಳಂಗಿಲ್ಲ, ಅದನ್ನ ಕೇಳಬ್ಯಾಡ್ರಿ. ಅವತ್ತ ಸುಮ್ನ ನೋಡ್ಕೋತ ನಿಂತವ್ರ ಮುಂದ, ನಿಮ್ಮೂರಾಗ, ಖರೆ ಏನಾತು ಹೇಳ್ರಿ. ನಾವಿಬ್ರೂ ಬರ್ತೀವಿ."

ಅವನು ಒಪ್ಪುತ್ತಾನೆಂದು ನಾನು ನಂಬಿರಲಿಲ್ಲ. ಒಪ್ಪಿದ.

ಆ ಹಳ್ಳಿಯ ಬೀರೇಶ್ವರನ ಗುಡಿಯ ಕಟ್ಟೆಯ ಬಳಿ ಜನ ಸೇರಿದ್ದರು. ಲಲಿತಾ ನನ್ನ ತೋಳು ಹಿಡಿದಿದ್ದಳು. ನಿಂಗಪ್ಪ ಟೊಪ್ಪಿಗೆ ತೆಗೆದು ಹೇಳಿದ: "ಇವರು ಕಳ್ಳರಲ್ಲ. ನಮ್ಮ ಮಕ್ಕಳನ್ನ ಸಾಲಿಗೆ ಕರಿಯಾಕ ಬಂದಿದ್ರು. ಮೊದ್ಲು ಹೊಡದಾಂವ ನಾನ. ಇವರ ಬಣ್ಣ ನೋಡಿ ಹೊಡದ್ನಿ. ಬ್ಯಾರೆ ಕಾರಣ ಇರ್ಲಿಲ್ಲ."

ಕೆಲವರು ಗೊಣಗುತ್ತ ಎದ್ದು ಹೋದರು. ಹೆಚ್ಚಿನವರು ಕೂತೇ ಇದ್ದರು.

ಅವನು ನನ್ನತ್ತ ತಿರುಗಿದ. "ಕ್ಷಮಾ ಮಾಡಿದ್ರೇನ್ರಿ ಸರ್?"

ಇಷ್ಟು ಜನರೆದುರು ಹೌದು ಎಂದುಬಿಡುವುದು ಸುಲಭವಿತ್ತು. ಆದರೆ ಸುಳ್ಳಾಡಲು ಮನಸ್ಸಾಗಲಿಲ್ಲ.

"ಇನ್ನೂ ಗೊತ್ತಿಲ್ಲ ನಿಂಗಪ್ಪ," ಎಂದೆ. "ಕೋರ್ಟಿನಾಗ ಇದನ್ನ ನಾನೂ ಹೇಳ್ತೀನಿ, ನೀವೂ ಹೇಳ್ರಿ. ಇವತ್ತಿಗೆ ಒಂದು ಕಪ್ ಚಾ ತರಿಸ್ರಿ. ಕುಡೀತೀನಿ."

ಚಹಾ ಬಂತು. ನಾನೂ ಲಲಿತಾಳೂ ಊರ ನಡುವೆ, ಎಲ್ಲರೂ ನೋಡುವಂತೆ, ಆ ಕಟ್ಟೆಯ ಮೇಲೆಯೇ ಕೂತು ಕುಡಿದೆವು.