ಪೆಟ್ರೋಲ್ ಬೇಡ, ಡೀಸೆಲ್ ಗಾಡಿ ಕೇಳು

ಮೂವತ್ತು ವರ್ಷ ಮಕ್ಕಳಿಗೆ ಓದು ಕಲಿಸಿದ ನಾನು ಕಳೆದ ಭಾನುವಾರ ಎರಡು ಸಾಲು ಓದದೆ ಬಿಟ್ಟೆ. ಬೇಕೆಂದೇ ಬಿಟ್ಟೆ.

ನಮ್ಮ ಶಿಡ್ಲಘಟ್ಟದ ಅಮೀರ್ ಸಾಬರು (ಹೆಸರು ಬದಲಿಸಿದ್ದೇನೆ) ಚಿಂತಾಮಣಿ ಕಡೆಯ ಹಳ್ಳಿಗಳಿಂದ ಮಾರ್ಕೆಟ್ಟಿಗೆ ರೇಷ್ಮೆಗೂಡು ಸಾಗಿಸುತ್ತಾರೆ. ಹಳೆಯ ಡೀಸೆಲ್ ವ್ಯಾನು. ಮಗ ಜಬ್ಬಾರ್ ನನ್ನ ಶಿಷ್ಯ, ಮಿಲಿಟರಿಯಲ್ಲಿ ಡ್ರೈವರ್. ಸಾಬರಿಗೆ ಕನ್ನಡ ಓದಲು ಬಾರದು, ಮಗನಿಗೆ ಉರ್ದು ಓದಲು ಬಾರದು. (ನಮ್ಮ ಸ್ಕೂಲಿನ ಪುಣ್ಯ!) ಹಾಗಾಗಿ ಇಬ್ಬರ ನಡುವೆ ಕಾಗದ ಬರೆಯುವವನೂ ಓದುವವನೂ ನಾನೇ.

ಹೋದ ದಸರೆಯ ಹೊತ್ತಿಗೆ ಜಬ್ಬಾರ್ ಬರೆದಿದ್ದ: ಹಿಮದ ಗಡಿಗೆ ಹೋಗುತ್ತಿದ್ದೇವೆ, ನನಗೆ ಪೆಟ್ರೋಲ್ ಟ್ರಕ್ಕು ಕೊಟ್ಟಿದ್ದಾರೆ.

ಸಾಬರು ಗಾಬರಿಯಾದರು. ಪೆಟ್ರೋಲ್ ಕಾರೊಂದು ಹೊತ್ತಿ ಉರಿದದ್ದನ್ನು ಕಣ್ಣಾರೆ ಕಂಡವರು. "ಪೆಟ್ರೋಲ್ ಅಂದ್ರೆ ಅಳಿಯನ ಕೋಪ ಇದ್ದಂಗೆ ಮೇಷ್ಟ್ರೇ, ಯಾವಾಗ ಹತ್ಕೊಳ್ತದೋ ಹೇಳಕ್ಕಾಗಲ್ಲ. ಡೀಸೆಲ್ ಗಾಡಿ ಕೇಳಪ್ಪ ಅಂತ ಬರೀರಿ."

ಬರೆದೆ. ಅಷ್ಟಕ್ಕೇ ಸುಮ್ಮನಿರಬಾರದಿತ್ತೇ? ಬುದ್ಧಿ ಹೇಳುವ ಚಟ ನೋಡಿ, ಕೆಳಗೆ ನನ್ನದೂ ಒಂದು ಸೇರಿಸಿದೆ: 'ಅಪ್ಪನ ಮಾತು ಮೀರಬೇಡ. ಇದು ನಿನ್ನ ಮೇಷ್ಟ್ರ ಆಜ್ಞೆ.' ಹಿಮದ ವಿಷಯ ನಮಗೇನು ಗೊತ್ತು? ನಮ್ಮೂರ ಚಳಿಗೆ ಕೊಬ್ಬರಿ ಎಣ್ಣೆ ಗಟ್ಟಿಯಾಗುತ್ತದೆ, ಅಷ್ಟೇ.

ಡೀಸೆಲ್ ಗಾಡಿ ಸಿಕ್ಕಿತೆಂದು ಉತ್ತರ ಬಂತು. ಸಾಬರು ಅರ್ಧ ಕೇಜಿ ಬಾದುಷಾ ತಂದುಕೊಟ್ಟರು. ತಿಂದೆ.

ಜನವರಿಯಲ್ಲಿ ತಂತಿ ಬಂತು. ಜಬ್ಬಾರ್ ಇಲ್ಲ. ಹೇಗಾಯಿತು, ಏನಾಯಿತು ಎಂಬುದು ಅದರಲ್ಲಿರಲಿಲ್ಲ.

ಭಾನುವಾರ ಸಾಬರು ಹಿಡಿದು ತಂದದ್ದು ಅವನ ಜೊತೆಗಿದ್ದ ಗೌರಿಬಿದನೂರಿನ ಸೈನಿಕನ ಕಾಗದ. ಎದುರಿಗೆ ಕೂತರು. ಓದುತ್ತಾ ಹೋದೆ. ಮುಂದಿನ ಸಾಲುಗಳು ಕಣ್ಣಿಗೆ ಬಿದ್ದವು: 'ಮೇಷ್ಟ್ರ ಆಜ್ಞೆ ಅಂತ ಹವಾಲ್ದಾರರನ್ನು ಕಾಡಿ ಡೀಸೆಲ್ ಗಾಡಿ ಹಾಕಿಸಿಕೊಂಡಿದ್ದ. ಚಳಿಗೆ ಡೀಸೆಲ್ ಹೆಪ್ಪುಗಟ್ಟಿ ಅವನ ಗಾಡಿ ಹಿಂದೆ ನಿಂತಿತು, ಪೆಟ್ರೋಲ್ ಗಾಡಿಗಳೆಲ್ಲ ದಾಟಿದವು.'

ಅವೆರಡನ್ನೂ ಹಾರಿಸಿ, 'ಹಿಮ ಬಿದ್ದು ದಾರಿ ಮುಚ್ಚಿತು' ಎಂಬಲ್ಲಿಂದ ಓದಿದೆ.

ಸಾಬರು ಕಣ್ಣೊರೆಸಿಕೊಂಡರು. ಆಮೇಲೆ ನನ್ನ ಕೈ ಹಿಡಿದುಕೊಂಡರು. "ಬೆಂಕೀಲಿ ಹೋಗ್ಲಿಲ್ಲ ಅಲ್ವಾ ಮೇಷ್ಟ್ರೇ, ನನ್ ಮಗ? ನೀವು ಬರೆದಿದ್ದಕ್ಕೆ ಆ ನೋವಾದ್ರೂ ತಪ್ತು."

ಅವರು ಹೋದ ಮೇಲೆ ಬಾಗಿಲು ಹಾಕಿಕೊಂಡು ಅತ್ತೆ. ಹೇಳಬೇಕಿತ್ತು. ಬಾಯಿ ಬರಲಿಲ್ಲ. ಅದಕ್ಕೇ ಇಲ್ಲಿ ಬರೆದಿದ್ದೇನೆ.

ಸಾಬರಿಗೆ ಓದಲು ಬಾರದು, ನಿಮಗೆ ಬರುತ್ತದೆ. ನಾಳೆ ಅವರು ಈ ಪೇಪರನ್ನು ನಿಮ್ಮ ಕೈಗೆ ಕೊಟ್ಟು, "ನಮ್ ಮೇಷ್ಟ್ರು ಏನ್ ಬರೆದವ್ರೆ, ಓದಪ್ಪ" ಎಂದರೆ, ನೀವು ಪೂರ್ತಿ ಓದುತ್ತೀರಾ?