ಬೂಸ್ಟರ್ ಹಾಕಿದ ಗುರುತು

ನನ್ನ ತಮ್ಮ ಚಾಕಣದ ಕಾರ್ಖಾನೆಯೊಂದರಲ್ಲಿ ಸೂಪರ್‌ವೈಸರ್. ಅವನಿಗೆ ಗೊತ್ತಿಲ್ಲದ್ದು ಜಗತ್ತಿನಲ್ಲೇ ಇಲ್ಲ, ಅವನನ್ನೇ ಕೇಳಿದರೆ. ನಾನು ಧನಕವಡಿಯ ದವಾಖಾನೆಯಲ್ಲಿ ಮಕ್ಕಳಿಗೆ ಲಸಿಕೆ ಚುಚ್ಚುವ ನರ್ಸ್. ಅವನ ಮಗಳಿಗೆ ಐದು ತುಂಬಿದಾಗ ಫೋನ್ ಮಾಡಿ, "ಕೂಸಿನ ಬೂಸ್ಟರ್ ಬಾಕಿ ಅದ, ಮರೀಬ್ಯಾಡ" ಎಂದೆ. ವಾರ ಬಿಟ್ಟು, "ಹಾಕಿದ್ಯೇನೋ?" ಎಂದು ಕೇಳಿದೆ.

"ಹಾಕೇವಕ್ಕಾ, ಭಾಳ ತಲಿ ತಿನಬ್ಯಾಡ."

ಎಲ್ಲವನ್ನೂ ಕಳೆಯುವ ಗಿರಾಕಿ ಅವನು, ಹಾಗಾಗಿ ಲಸಿಕೆ ಕಾರ್ಡ್ ನನ್ನ ಬಳಿಯೇ ಇತ್ತು. ಅದರಲ್ಲಿ ಸರಿ ಗುರುತು ಹಾಕಿದೆ.

ಮೂರು ತಿಂಗಳ ಮೇಲೆ ಅವರ ಓಣಿಯ ಹುಡುಗಿಯೊಬ್ಬಳಿಗೆ ಗಂಟಲುಮಾರಿ, ಅಂದರೆ ಡಿಫ್ತೀರಿಯಾ, ಬಂತು; ಆ ಬೂಸ್ಟರ್ ತಡೆಯಬೇಕಾದ ರೋಗಗಳಲ್ಲೊಂದು. ಹಿಂದೆಯೇ ನಮ್ಮ ಕೂಸಿಗೂ ಜ್ವರ, ಗಂಟಲು ನೋವು. ಓಡಿದೆ. ಅವರ ಅಡುಗೆಕಟ್ಟೆಯ ಮೇಲೆ ದೊಡ್ಡ ಡಬ್ಬಿ: 'ಇಮ್ಯುನಿಟಿ ಬೂಸ್ಟರ್', ಚಾಕಲೇಟ್ ರುಚಿ.

"ಇದೇನೋ?"

"ನೀನ ಹೇಳಿದ್ದಿಲ್ಲೇನು? ದಿನಾ ಹಾಲಿಗೆ ಎರಡು ಚಮಚ ಹಾಕ್ತೀವಿ," ಎಂದ, ಎದೆ ಉಬ್ಬಿಸಿ.

ಥೂ ಇವನ ಬುದ್ಧಿಗಿಷ್ಟು! ಲಸಿಕೆ ಎಂದರೆ ರಕ್ತದ ಬಿಳಿಕಣಗಳಿಗೆ ರೋಗದ ಗುರುತು ಹೇಳಿಕೊಡುವುದು. ಹಲ್ಲು ಕಿತ್ತ ನಂಜನ್ನು ತೋರಿಸಿದರೆ ಅವು ಅದೊಂದಕ್ಕೇ ಹೊಂದುವ ಪ್ರತಿಕಾಯ ತಯಾರಿಸಿ, ಅದರ ಮುಖವನ್ನು ನೆನಪಿಟ್ಟುಕೊಳ್ಳುತ್ತವೆ. ವರ್ಷ ಕಳೆದಂತೆ ಆ ನೆನಪು ಮಾಸುತ್ತದೆ. ಬೂಸ್ಟರ್ ಅದೇ ಮುಖವನ್ನು ಮತ್ತೊಮ್ಮೆ ತೋರಿಸುತ್ತದೆ. ನಾಳೆ ನಿಜವಾದ ನಂಜು ಬಂದರೆ ಬಿಳಿಕಣಗಳು ತಡವಿಲ್ಲದೆ ಮೇಲೆ ಬೀಳುತ್ತವೆ. ಈ ಮಹಾಶಯ ತೋರಿಸಿದ್ದು ಚಾಕಲೇಟಿನ ಮುಖ!

ಆಟೋದಲ್ಲಿ ದಾರಿಯುದ್ದಕ್ಕೂ ಅವನ ನೀರಿಳಿಸಿದೆ. "ಸೂಪರ್‌ವೈಸರ್ ಅಂತ! ಕತ್ತಿ ಕಾಯಾಕೂ ನಾಲಾಯಕ್ ಇದ್ದಿ ನೀ!" ಉಗುಳು ನುಂಗಲಾರದೆ ಕೂಸು ನನ್ನ ತೊಡೆಯ ಮೇಲೆ ಅಳುತ್ತಿತ್ತು.

ಆಸ್ಪತ್ರೆಯಲ್ಲಿ ಡಾಕ್ಟರು ನಾನು ಕೊಟ್ಟ ಕಾರ್ಡ್ ನೋಡಿ ಮರಾಠಿಯಲ್ಲಿ ಹೇಳಿದರು: "ಬೂಸ್ಟರ್ ಆಗಿದೆಯಲ್ಲ. ಗಂಟಲುಮಾರಿ ಇರಲಾರದು, ಮನೆಗೆ ಕರೆದುಕೊಂಡು ಹೋಗಿ."

ತಮ್ಮ ನನ್ನ ಮುಖ ನೋಡಿದ.

"ಆ ಗುರುತು ಸುಳ್ಳು ಸರ್," ಎಂದೆ. "ಚುಚ್ಚಿದ್ದನ್ನು ನೋಡದೆಯೇ ಹಾಕಿದವಳು ನಾನು. ನಾನು ನರ್ಸ್."

ಕೂಡಲೇ ಸೇರಿಸಿಕೊಂಡರು. ಗಂಟಲುಮಾರಿಯೇ ಆಗಿತ್ತು. ಕೂಸು ಉಳಿಯಿತು. ಅದು ಮನೆಗೆ ಬಂದ ದಿನ ತಮ್ಮ ನನ್ನೆದುರು ಕೈ ಚಾಚಿದ.

"ಅಕ್ಕಾ, ಆ ಕಾರ್ಡ್ ಇನ್ಮ್ಯಾಲೆ ನನ್ನ ಹತ್ರ ಇರ್ಲಿ."

ಕೊಟ್ಟೆ.